ಹಣ್ಣು ಚುಚ್ಚಿದವರು

ಸಾಲೋಟಗಿ
೧೪ ಜುಲೈ ೧೯೭೮

ಅಬಿದಾ,

ಮೂರು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಅದೇ ವಾಲಿದ ಅಕ್ಷರ, ಗಾಳಿಗೆ ಬಾಗಿದ ಜೋಳದ ಹಾಗೆ. ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ನೀನು ಕೇಳಿಲ್ಲ, ನಾನೂ ಕೇಳುವುದಿಲ್ಲ. ಹಾಸ್ಟೆಲಿನ ಒಂದೇ ಕೋಣೆಯಿಂದ ನೀನು ಸಂಶೋಧನೆಗೆ ಹೋದೆ, ನಾನು ಮದುವೆಗೆ ಹೋದೆ. ಅಷ್ಟೇ ಆದದ್ದು.

ಹಣ್ಣಿಗೆ ಬರುವ ಹುಳ ಹಿಡಿದು ಕಳಿಸುವ ನಿನ್ನ ಕೆಲಸ ಮಾಡಿಕೊಡುತ್ತೇನೆ. ಮೋಸಂಬಿ ತೋಟ ಮನೆಯ ಹಿಂದೆ, ಬಾವಿ ದಾಟಿದರೆ ಸಿಗುತ್ತದೆ. ಈ ಮನೆಯ ಯಜಮಾನಿಕೆ ನಮ್ಮ ಭಾವ ಬಸಂತರಾಯರದು. ಇವರು, ಅಂದರೆ ನನ್ನ ಮಗಳು ನೀಲಾನ ಅಪ್ಪ, ಅಣ್ಣನ ಮಾತಿಗೆ ಎದುರಾಡುವವರಲ್ಲ. ಇವರ ಮೂಲಕ ಕೇಳಿಸಿದೆ. ಭಾವ ನಕ್ಕರಂತೆ: "ಹುಳ ಹಿಡಿಯಾಕ ಡಿಗ್ರಿ ಬೇಕಾತೇನ?" ನಕ್ಕರೆ ಒಪ್ಪಿದ ಹಾಗೆ.

ನೀನು ಬರೆದ ಚಿತ್ರ ನೋಡಿ ಬೋನು ಮಾಡಿದೆ. ಹರಿದ ಸೊಳ್ಳೆ ಪರದೆಯನ್ನು ಉದ್ದ ಚೀಲದ ಹಾಗೆ ಹೊಲಿದು, ಎರಡು ಹಳೆ ಜರಡಿಗಳ ಬಳೆ ಕಟ್ಟಿ ಗಿಡಕ್ಕೆ ತೂಗುಹಾಕಿದ್ದೇನೆ. ತಲೆ ಮುಚ್ಚಿದೆ, ಬುಡ ತೆರೆದಿದೆ. ಬುಡದಿಂದ ನಾಲ್ಕು ಬೆರಳು ಕೆಳಗೆ ತಟ್ಟೆ. ಹುಳ ಆ ಸಂದಿನಿಂದ ಬಂದು ಉಣ್ಣುತ್ತದೆ, ಉಂಡು ಮೇಲಕ್ಕೆ ಹಾರುತ್ತದೆ, ಮತ್ತೆ ಇಳಿಯುವ ಬುದ್ಧಿ ಅದಕ್ಕಿಲ್ಲ ಅಂತ ಬರೆದಿದ್ದೀ. ನಾನು ಗಂಟೆಗಟ್ಟಲೆ ನಿಂತು ನೋಡಿದೆ. ಬಾಗಿಲು ಕಾಲ ಕೆಳಗೇ ತೆರೆದಿದೆ, ಒಂದಾದರೂ ಕೆಳಗೆ ನೋಡಬೇಕಲ್ಲ!

ತಟ್ಟೆಗೆ ಬೆಲ್ಲ, ಕೊಳೆತ ಬಾಳೆಹಣ್ಣು, ಬಿದ್ದ ಮೋಸಂಬಿ ಕಲಸಿ ಗಡಿಗೆಯಲ್ಲಿ ಹುಳಿ ಬರಿಸಿದೆ. ವಾಸನೆ ಹಿಡಿದು ನಮ್ಮ ಅತ್ತೆ ಲಕ್ಕವ್ವ ಅಡುಗೆಮನೆಗೇ ಬಂದರು. "ನಮ್ಮ ಮನ್ಯಾಗ ಸೆರೆ ಕಾಸಾಕತ್ತೀ ಏನವಾ?" ಗಡಿಗೆ ಈಗ ದನದ ಕೊಟ್ಟಿಗೆಯಲ್ಲಿದೆ.

ಪಾತರಗಿತ್ತಿ ಬಂದಿವೆ. ಕಂದು ಬಣ್ಣದವು, ರೆಕ್ಕೆ ಮಡಚಿದರೆ ಒಣ ಎಲೆ. ಅವನ್ನು ಕೊಲ್ಲುವುದು ಹೇಗೆ ಬರಿ. ಪುಸ್ತಕದಲ್ಲಿ ಓದಿದ್ದೆವು, ಕೈಯಿಂದ ಮಾಡಿರಲಿಲ್ಲ.

ನೀಲಾಗೆ ಈಗ ಅಂಬೆಗಾಲು. ಕಂಡದ್ದೆಲ್ಲ ಬಾಯಿಗೆ. ಅವಳು ಹುಟ್ಟಿದಾಗಿನಿಂದ ನನಗೆ ನಿದ್ದೆ ಇಲ್ಲ. ಅವಳು ಮಲಗಿದರೆ ಮೂಗಿನ ಕೆಳಗೆ ಬೆರಳು ಹಿಡಿದು ಕೂಡುತ್ತೇನೆ, ಉಸಿರು ತಾಗಿದ ಮೇಲೂ ತೆಗೆಯುವುದಿಲ್ಲ.

ಉತ್ತರವನ್ನು ಇಂಡಿ ಊರಿನ ಬಳೆಗಾರ್ತಿ ರಾಜಬಿಯ ಮನೆ ವಿಳಾಸಕ್ಕೆ ಹಾಕು. ಈ ಮನೆಯಲ್ಲಿ ಬಂದ ಕಾಗದವನ್ನು ಎಲ್ಲರೆದುರು ಓದಿ ಆಮೇಲೆ ಕೊಡುತ್ತಾರೆ.

ನಿನ್ನ ಹಳೆಯ ಕೋಣೆಯವಳು,
ಸಾವಂತ್ರಿ


ಧಾರವಾಡ
೨೨ ಜುಲೈ ೧೯೭೮

ಸಾವಂತ್ರಿ,

ಪಾತರಗಿತ್ತಿಗೆ ಔಷಧ ಬೇಡ. ರೆಕ್ಕೆ ಮೇಲಕ್ಕೆ ಮಡಚಿದಾಗ, ರೆಕ್ಕೆಯ ಬುಡದ ಕೆಳಗೆ ಎದೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಒತ್ತು. ಅಳುಕಬೇಡ. ಅಳುಕಿದರೆ ಅದಕ್ಕೆ ಹೆಚ್ಚು ನೋವು.

ಆದರೆ ನನಗೆ ಬೇಕಾದದ್ದು ಪಾತರಗಿತ್ತಿ ಅಲ್ಲ, ಕಳ್ಳ. ದೊಡ್ಡ ಪತಂಗ. ಮುಂದಿನ ರೆಕ್ಕೆ ಒಣ ಎಲೆ, ಹಿಂದಿನ ರೆಕ್ಕೆ ಅರಿಶಿನ, ಅದರ ಮೇಲೆ ಕಾಡಿಗೆಯಲ್ಲಿ ತೀಡಿದ ಹಾಗೆ ಕಪ್ಪು ಗುರುತು. ಬೇರೆ ಪತಂಗಗಳ ನಾಲಿಗೆ ದಾರದಂತೆ ಮೆತ್ತಗೆ. ಇದರದು ಸೂಜಿ, ತುದಿಗೆ ಗರಗಸದ ಹಲ್ಲು. ಮೋಸಂಬಿಯ ಸಿಪ್ಪೆ ತೂರಿ ರಸ ಹೀರುತ್ತದೆ. ಆ ತೂತಿನಿಂದ ಹಣ್ಣು ಕೊಳೆತು ಉದುರುತ್ತದೆ. ಇದರ ಮರಿಹುಳ ಮಾತ್ರ ಹಣ್ಣಿನ ಹತ್ತಿರ ಸುಳಿಯುವುದಿಲ್ಲ, ಬೇಲಿಯ ಅಮೃತಬಳ್ಳಿ ತಿಂದು ಬೆಳೆಯುತ್ತದೆ. ಬಿಜಾಪುರದ ಕಡೆ ಇದು ಇಲ್ಲ ಅನ್ನುತ್ತಾರೆ ನಮ್ಮ ಗುರುಗಳು. ಇದೆ ಅನ್ನುತ್ತೇನೆ ನಾನು. ನೀನು ಹಿಡಿದರೆ ನಾನು ಗೆದ್ದೆ.

ಪತಂಗಕ್ಕೆ ಚಿವುಟಿದರೆ ಸಾಲದು. ಗಾಜಿನ ಭರಣಿಯಲ್ಲಿ ಹತ್ತಿ ಇಟ್ಟು ಪೆಟ್ರೋಲು ಹನಿಸಿ ಮುಚ್ಚು.

ತೋಟದವರಿಗೆ ನಮ್ಮ ವಿಭಾಗದಿಂದ ಉಪಕಾರ ಸ್ಮರಿಸಿ ಪತ್ರ ಕಳಿಸಬೇಕು. ನಿನ್ನ ಯಜಮಾನರ ಹೆಸರು ಬರಿ. ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ನಿನ್ನಿಂದ ಒಡಪು ಹೇಳಿಸಿದಾಗ, ಪದ್ಯವನ್ನೆಲ್ಲ ಜೋರಾಗಿ ಹೇಳಿ ಕೊನೆಗೆ ಗಂಡನ ಹೆಸರನ್ನು ನುಂಗಿಬಿಟ್ಟೆ. ಪಕ್ಕದಲ್ಲೇ ಕೂತ ನನಗೂ ಕೇಳಲಿಲ್ಲ.

ಹಗಲಾದರೂ ಮಲಗು.

ಅಬಿದಾ


ಸಾಲೋಟಗಿ
೧೦ ಆಗಸ್ಟ್ ೧೯೭೮

ಅಬಿದಾ,

ನೀನು ಗೆದ್ದೆ. ಕಳ್ಳ ಸಿಕ್ಕಿತು.

ಬೆಳಗಿನ ಬಿಸಿಲು ಬೀಳುವ ಮೊದಲು ಹೋದೆ. ಬೋನಿನ ತಲೆಯಲ್ಲಿ ಒಣ ಎಲೆಗಳು ಸಿಕ್ಕಿಕೊಂಡಿವೆ ಅಂದುಕೊಂಡು ಬೆರಳಿನಿಂದ ತಟ್ಟಿದೆ. ಎಲೆ ಬಿಚ್ಚಿತು, ಒಳಗೆ ಅರಿಶಿನ. ನನ್ನ ಎದೆ ಹೊಡೆದುಕೊಂಡ ರಭಸ ನಿನಗೆ ಧಾರವಾಡಕ್ಕೆ ಕೇಳಬೇಕಿತ್ತು.

ಪೆಟ್ರೋಲನ್ನು ಇವರು ಜೀಪಿನಿಂದ ತೆಗೆದು ತಂದುಕೊಟ್ಟರು. ಭರಣಿಯಲ್ಲಿ ಅದು ಗಾಜಿಗೆ ಬಡಿದು ಬಡಿದು ರೆಕ್ಕೆಯ ಹುಡಿಯೆಲ್ಲ ಉದುರಿಸಿಕೊಂಡು ಸತ್ತಿತು. ಮೊದಲ ದಿನ ಮುಖ ತಿರುಗಿಸಿದ್ದೆ. ಈಗ ನೋಡುತ್ತೇನೆ. ಪಾತರಗಿತ್ತಿಗಳನ್ನಂತೂ ಲೆಕ್ಕವಿಲ್ಲದೆ ಒತ್ತಿದೆ. ಹುರಿಗಡಲೆಯ ಸಿಪ್ಪೆ ಬಿಟ್ಟ ಹಾಗೆ ಸಣ್ಣ ಸದ್ದು, ಆಮೇಲೆ ಏನೂ ಇಲ್ಲ.

ನಿನ್ನೆ ನೀಲಾಗೆ ಎಣ್ಣೆ ಹಚ್ಚುತ್ತಿದ್ದೆ. ನನ್ನ ಹೆಬ್ಬೆರಳು ಅವಳ ಎದೆಯ ಮೇಲೆ ಬಂದು ತಾನಾಗಿ ನಿಂತಿತು. ಎಷ್ಟು ಸಣ್ಣ ಗೂಡು ಅಬಿದಾ. ಕೈ ಕಿತ್ತುಕೊಂಡು ಬಚ್ಚಲ ಗೋಡೆಗೆ ಒರಗಿ ಕೂತೆ. ಎಣ್ಣೆಮೈಯ ಕೂಸು ಕಾಲ ಮೇಲಿಂದ ಜಾರುತ್ತ ನಗುತ್ತಿತ್ತು. ಇದನ್ನು ಇಲ್ಲಿ ಯಾರಿಗೂ ಹೇಳಲಾರೆ.

ಇವರ ಹೆಸರು ಕೇಳಿದ್ದೀ. ಬೇಡ. ಗಂಡನ ಹೆಸರು ಬಾಯಿಗೆ ಬಂದರೆ ಅವರ ಆಯುಷ್ಯ ಕಡಿಮೆ ಅನ್ನುತ್ತಾರೆ. ನಗಬೇಡ, ನಾನು ಬಿ.ಎಸ್ಸಿ. ಓದಿದವಳು, ಆದರೂ ಕಾಗದದ ಮೇಲೂ ಕೈ ಬರುವುದಿಲ್ಲ. ಪತ್ರವನ್ನು ಭಾವನ ಹೆಸರಿಗೆ ಕಳಿಸು. ಆದರೆ ಈಗಲೇ ಬೇಡ.

ಯಾಕೆಂದರೆ ಹಣ್ಣು ಉದುರುತ್ತಿವೆ. ತಿರುಗಿಸಿ ನೋಡಿದರೆ ಪ್ರತಿಯೊಂದಕ್ಕೂ ದುಂಡನೆಯ ತೂತು, ಒತ್ತಿದರೆ ರಸ ಚಿಮ್ಮುತ್ತದೆ. ಭಾವ ಒಂದು ಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇದು ದಬ್ಬಣದ ತೂತು" ಅಂದರು.

ದಬ್ಬಣ ಅಂದರೆ ಕುರಿಗಾರರು ಕಂಬಳಿಯ ಅಂಚು ಹೊಲಿಯುವ ಉದ್ದ ಸೂಜಿ. ನಮ್ಮ ಹೊಲದ ಅಂಚಿಗೆ ಅಮೋಘಸಿದ್ಧ ಅನ್ನುವವನ ಹಟ್ಟಿ ಇದೆ. ನೀಲಾ ಹುಟ್ಟಿದಾಗ ಅವನ ಹೆಂಡತಿ ಶೇವಂತೆವ್ವ ಒಂದು ಸಣ್ಣ ಕರಿ ಕಂಬಳಿ ತಂದು ಹೊದಿಸಿ ಹೋಗಿದ್ದಳು. ಬೇಸಗೆಯಲ್ಲಿ ಅವರ ಕುರಿಗಳು ಬೇಲಿ ಮುರಿದು ತೋಟಕ್ಕೆ ನುಗ್ಗಿದವು. ಭಾವ ಒಂದು ಗಬ್ಬದ ಕುರಿಗೆ ಕೊಡಲಿ ಹಾಕಿದರು. ಹೊಟ್ಟೆ ಸೀಳಿ ಮರಿ ಹೊರಗೆ ಬಿತ್ತು, ಇನ್ನೂ ಕಾಲು ಆಡಿಸುತ್ತಿತ್ತು. ಅಮೋಘಸಿದ್ಧ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಊರವರ ಮುಂದೆ, ಈ ಕೈ ಬಿದ್ದು ಹೋಗಲಿ ಅಂತ ಶಾಪ ಹಾಕಿದ. ಆ ಸಿಟ್ಟಿಗೆ ಅವನೇ ಬಂದು ಒಂದೊಂದು ಹಣ್ಣಿಗೂ ದಬ್ಬಣ ಚುಚ್ಚುತ್ತಿದ್ದಾನೆ ಅಂತ ಭಾವನ ಮಾತು.

ನಾನು ಇವರಿಗೆ ಪತಂಗ ತೋರಿಸಿದೆ. ನಾಲಿಗೆಯನ್ನು ಸೂಜಿಯಿಂದ ಎಳೆದು ತೋರಿಸಿದೆ. ಇವರು ನಂಬಿದರು, ಮುಖ ನೋಡಿದರೆ ತಿಳಿಯುತ್ತಿತ್ತು. "ಅಣ್ಣನ ಮನಸು ಛಲೋ ಇದ್ದಾಗ ನಾ ಹೇಳ್ತೇನಿ. ನೀ ಸುಮ್ನಿರು" ಅಂದರು.

ಕಾಯುತ್ತಿದ್ದೇನೆ.

ಸಾವಂತ್ರಿ


ಸಾಲೋಟಗಿ
೨೬ ಆಗಸ್ಟ್ ೧೯೭೮

ಅಬಿದಾ,

ಇದನ್ನು ಪೂರ್ತಿ ಬರೆಯುತ್ತೇನೋ ಇಲ್ಲವೋ.

ಗುರುವಾರ ಮುಂಜಾನೆ ಅಮೋಘಸಿದ್ಧನನ್ನು ಹಟ್ಟಿಯಿಂದ ಎಳೆದು ತಂದರು. ಕಂಬಳಿ ಹೊಲಿಯುತ್ತ ಕೂತಿದ್ದನಂತೆ. ದಬ್ಬಣ ಅವನ ರುಮಾಲಿನ ಮಡಿಕೆಯಲ್ಲೇ ಇತ್ತು, ಆ ಜನ ಅಲ್ಲೇ ಸಿಕ್ಕಿಸಿಕೊಳ್ಳುವುದು. ಭಾವ ಅದನ್ನು ಹಿರಿದು, ಉದುರಿದ ಒಂದು ಹಣ್ಣಿನ ತೂತಿಗೆ ಇಳಿಸಿದರು. ಸಲೀಸಾಗಿ ಇಳಿಯಿತು. ಎತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ಕೀಲಿ ಕೂತಂಗ ಕೂತ್ತು." ಅಂಗಳದಲ್ಲಿದ್ದವರೆಲ್ಲ ನೋಡಿದರು, ಹೌದು ಅಂದರು. ಕೊಳೆತ ಹಣ್ಣಿನ ತೂತಿಗೆ ನನ್ನ ಕೂದಲ ಪಿನ್ನೂ ಇಳಿಯುತ್ತಿತ್ತು.

ಬೇವಿನ ಗಿಡಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆದರು. ಬೆನ್ನ ಮೇಲಿನ ಅಂಗಿ ಮೊದಲು ಹರಿಯಿತು, ಆಮೇಲೆ ಬೆನ್ನು. ಅವನು ಕೂಗಲಿಲ್ಲ. ಪ್ರತಿ ಏಟಿಗೂ "ನಾ ಅಲ್ರಿ" ಅಂದ, ಲೆಕ್ಕ ಒಪ್ಪಿಸುವವನ ಹಾಗೆ, ಒಂದೇ ದನಿಯಲ್ಲಿ. ಅದಕ್ಕೇ ಭಾವನಿಗೆ ಇನ್ನಷ್ಟು ಸಿಟ್ಟು ಬಂದಿರಬೇಕು.

ಕಟ್ಟು ಬಿಚ್ಚಿ ಒರಳ ಕಲ್ಲಿನ ಹತ್ತಿರ ಎಳೆದರು. ಭಾವ ದಬ್ಬಣ ಹಿಡಿದು ಕೇಳಿದರು: "ಹಣ್ಣಿಗೆ ಹ್ಯಾಂಗ ಚುಚ್ಚಿದಿ, ತೋರ್ಸು. ತೋರ್ಸಾಂಗಿಲ್ಲಾ? ನಾ ತೋರಸ್ತೇನಿ." ಅವನ ಬಲಗೈಯನ್ನು ಕಲ್ಲಿನ ಮೇಲೆ ಬಿಡಿಸಿ ಇಟ್ಟರು. ಒಬ್ಬರು ಮುಂಗೈ ಅಮುಕಿ ಹಿಡಿದಿದ್ದರು.

ನಾನು ನೀಲಾನನ್ನು ಎತ್ತಿಕೊಂಡು ಪಡಸಾಲೆಯಿಂದ ಹೊರಗೆ ಓಡಿದೆ. ತಲೆಯ ಮೇಲೆ ಸೆರಗು ಇರಲಿಲ್ಲ. "ಹುಳಾರಿ, ಹಣ್ಣಿಗೆ ಹುಳ ಚುಚ್ಚತಾವ್ರಿ" ಅಂದೆ. ಭಾವ ತಿರುಗಿ ನೋಡಿದರು. ಅತ್ತೆ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿ, ಕೂಸಿನ ಸಮೇತ ಒಳಗೆ ಎಳೆದು ಅಗಳಿ ಹಾಕಿದರು.

ಆಮೇಲೆ ಆ ಸದ್ದು ಬಂತು. ನೀಲಾ ಹಾಲು ಬಿಟ್ಟು ತಲೆ ಎತ್ತಿ ಬಾಗಿಲ ಕಡೆ ನೋಡಿದಳು.

ಅವನ ಕೈಯೊಳಗೆ ಇಳಿದದ್ದು ಕುರಿಯ ಉಣ್ಣೆ, ಗೊಬ್ಬರ, ಮಣ್ಣು ಎಲ್ಲದರಲ್ಲಿ ಆಡಿದ ದಬ್ಬಣ. ಧನುರ್ವಾಯು ಅಂತ ಓದಿದ್ದೇವಲ್ಲ. ಸಂಜೆ ಇವರ ಕಾಲು ಹಿಡಿದು ಕೇಳಿದೆ, ಜೀಪು ಕೊಡ್ರಿ, ಬಿಜಾಪುರಕ್ಕೆ ಒಯ್ದು ಒಂದು ಸೂಜಿ ಹಾಕಿಸ್ರಿ. ಇವರು ಗೋಡೆ ನೋಡುತ್ತ ಅಂದರು: "ದವಾಖಾನಿಗೆ ಹೋದ್ರ ಫೌಜದಾರ ಬರತಾನ. ಅಣ್ಣ ಒಲ್ಲ ಅಂದಾನ."

ರಾಜಬಿಯ ಕೈಯಲ್ಲಿ ಶೇವಂತೆವ್ವಗೆ ಹೇಳಿ ಕಳಿಸಿದೆ, ಹೇಗಾದರೂ ಮಾಡಿ ಬಿಜಾಪುರಕ್ಕೆ ಹೋಗು ಅಂತ. ಹಾದಿಗೆ ದೊಡ್ಡ ಮನೆಯ ಆಳುಗಳು ಕೋಲು ಹಿಡಿದು ನಿಂತಿದ್ದಾರಂತೆ.

ಇವತ್ತು ಇವರ ಬಿಳಿ ಅಂಗಿಯನ್ನು ನಾನೇ ಒಗೆದೆ. ತೋಳಿನ ತುದಿ ಬಿಳಿದಾಗಲಿಲ್ಲ.

ಸಾ.


ಧಾರವಾಡ
೩೧ ಆಗಸ್ಟ್ ೧೯೭೮

ಸಾವಂತ್ರಿ,

ನಿನ್ನ ಪತ್ರ ಈಗ ಬಂತು. ಬಂದಷ್ಟೇ ವೇಗವಾಗಿ ಇದು ನಿನಗೆ ತಲುಪಿದರೂ ತಡವೇ. ಆದರೂ ಬರೆಯುತ್ತೇನೆ. ದವಡೆ ಬಿಗಿಯುವ ಮೊದಲು ಸೂಜಿ ಬೀಳಬೇಕು. ರಾತ್ರಿ ಹೊಲದ ಬದುವಿನ ಮೇಲೆ ನಡೆಸಿಯಾದರೂ ಒಯ್ಯಲಿ.

ನೀನು ಬರಿಯ ಮಾತು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಲಿಲ್ಲ. ತೋರಿಸು. ಗಿಡದ ಮೇಲಿರುವ ಹಣ್ಣಿಗೇ ಪರದೆ ಕಟ್ಟು. ಒಂದೂ ತೂತಿಲ್ಲ ಅಂತ ನಿನ್ನ ಭಾವನೇ ಮುಟ್ಟಿ ನೋಡಲಿ, ಗಂಟನ್ನೂ ಅವನೇ ಹಾಕಲಿ. ಒಳಗೆ ಜೀವಂತ ಪತಂಗ ಬಿಡು. ಬೆಳಗ್ಗೆ ಅವನ ಕೈಯಿಂದಲೇ ಗಂಟು ಬಿಚ್ಚಿಸು.

ಮುಂಗೈ ಹಿಡಿದವರು ಯಾರು ಅಂತ ನೀನು ಬರೆದಿಲ್ಲ. ನಾನು ಕೇಳುವುದಿಲ್ಲ.

ಅಬಿದಾ


ಸಾಲೋಟಗಿ
೮ ಸೆಪ್ಟೆಂಬರ್ ೧೯೭೮

ಅಬಿದಾ,

ನಿನ್ನ ಪತ್ರ ಬಂದ ದಿನವೇ ನೀನು ಹೇಳಿದ ಹಾಗೆ ಮಾಡಿದೆ. ಇವರೇ ಹೋಗಿ ಭಾವನ ಹತ್ತಿರ ಮಾತಾಡಿದರು. ಅಷ್ಟು ಧೈರ್ಯ ಎಲ್ಲಿಂದ ಬಂತೋ, ನನ್ನ ಮುಖ ನೋಡಲಾಗದೆ ಬಂತೇನೋ. ಭಾವ ಹಣ್ಣುಗಳನ್ನು ಒಂದೊಂದಾಗಿ ತಿರುವಿ ನೋಡಿ, ಪರದೆಗೆ ತಾವೇ ಗಂಟು ಹಾಕಿ, ಗಿಡದ ಬುಡಕ್ಕೆ ತಮ್ಮ ಆಳನ್ನೇ ಕೂಡಿಸಿದರು. "ಹುಳಕ್ಕ ಹಲ್ಲ ಕೇಳೇನಿ, ದಬ್ಬಣ ಕೇಳಿಲ್ಲ" ಅಂತ ಆಳುಗಳನ್ನು ನಗಿಸಿದರು.

ಬೆಳಗ್ಗೆ ಗಂಟು ಬಿಚ್ಚಿದರು. ಒಂದು ಪತಂಗ ಇನ್ನೂ ಹಣ್ಣಿನ ಮೇಲೇ ಇತ್ತು, ನಾಲಿಗೆ ಬುಡದವರೆಗೆ ಇಳಿದಿತ್ತು. ಭಾವ ಅದರ ಮೈ ಹಿಡಿದು ಎಳೆದರು. ಮೈ ಬಂತು, ನಾಲಿಗೆ ಹಣ್ಣಿನಲ್ಲೇ ಉಳಿಯಿತು. ಎಲ್ಲ ಹಣ್ಣಿಗೂ ತೂತು. ಒಂದನ್ನು ಅವರು ಹಿಚುಕಿದರು, ರಸ ಅವರ ಅಂಗಿಯ ಮೇಲೆ ಚಿಮ್ಮಿತು.

ಇನ್ನೇನು, ಅಂದುಕೊಂಡೆ. ಇನ್ನು ಜೀಪು ಹೊರಡುತ್ತದೆ.

ಭಾವ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. "ಹಂಗಾದ್ರ ಅಂವಾ ಯಾಕ ಸುಮ್ನ ನಿಂತು ಹೊಡಿಸ್ಕೊಂಡ? ಬಾಯಿ ಬಿಟ್ಟು ಹೇಳಬೇಕಿಲ್ಲ?" ಅಂದರು. ಆ "ನಾ ಅಲ್ರಿ" ಅಂಗಳದಲ್ಲಿ ನಿಂತವರೆಲ್ಲ ಕೇಳಿದ್ದರು. ಇವರೂ ಕೇಳಿದ್ದರು.

ಅದೇ ಹೊತ್ತಿಗೆ ಕೊಟ್ಟಿಗೆಯಿಂದ ನನ್ನ ಗಡಿಗೆ ತರಿಸಿದರು. ಬೆಳೆಗೆ ಹೊಡೆಯುವ ವಿಷದ ಎಣ್ಣೆಯನ್ನು ಅದಕ್ಕೆ ಸುರಿದು, ಕಡ್ಡಿಯಿಂದ ಕಲಕಿ, ತೋಟದ ತುಂಬ ಕುಡಿಕೆಗಳಲ್ಲಿ ತೂಗುಹಾಕಿಸಿದರು. ಮಧ್ಯಾಹ್ನಕ್ಕೆ ಜೇನುಹುಳ, ಗೊರವಂಕ, ನಾನು ಹೆಸರಿಡದ ಎಷ್ಟೋ ರೆಕ್ಕೆಗಳು ಗಿಡದ ಬುಡದಲ್ಲಿ ಹಾಸಿಬಿದ್ದವು. ಕಾವಲು ನಾಯಿ ಬಿದ್ದ ಹಕ್ಕಿ ತಿಂದು, ಬಾವಿಯ ಕಟ್ಟೆ ಹತ್ತಿ ಇಳಿದು, ನೊರೆ ಕಾರುತ್ತ ಸುತ್ತು ತಿರುಗಿ ಸತ್ತಿತು. ಸಾಯುವವರೆಗೂ ಭಾವ ನೋಡುತ್ತ ನಿಂತಿದ್ದರು. ನಾನು ನೀಲಾನ ಎರಡೂ ಮುಷ್ಟಿಗಳನ್ನು ನನ್ನ ಕೈಯೊಳಗೆ ಹಿಡಿದುಕೊಂಡು ಇಡೀ ದಿನ ಕೂತೆ. ಅವಳು ಅತ್ತಳು, ನಾನು ಬಿಡಲಿಲ್ಲ.

ಅಮೋಘಸಿದ್ಧನ ದವಡೆ ಅದಾಗಲೇ ಬಿಗಿದಿತ್ತಂತೆ. ಶೇವಂತೆವ್ವನ ಅಣ್ಣಂದಿರು ಅವನನ್ನು ಕಂಬಳಿಯಲ್ಲಿ ಹೊತ್ತು, ತೊಗರಿ ಹೊಲಗಳ ನಡುವೆ ಹಾಯ್ದು ಬಸ್ಸು ಹಿಡಿದರಂತೆ. ನಿನ್ನೆ ಬಿಜಾಪುರದಲ್ಲಿ ಸತ್ತ. ರಾಜಬಿ ನನಗೆ ಬಳೆ ತೊಡಿಸುತ್ತ ಹೇಳಿದಳು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತಂತೆ, ಹಿಮ್ಮಡಿ ಮತ್ತು ತಲೆ ಮಾತ್ರ ಮಂಚಕ್ಕೆ ತಾಗುತ್ತಿದ್ದವಂತೆ. "ಮಾರಿ ನೋಡಿದ್ರ ನಕ್ಕಂಗ ಇತ್ತವಾ" ಅಂದಳು. ಹೇಳುವಾಗ ಅವಳ ಕೈಯಲ್ಲೇ ಬಳೆ ಒಡೆದು ನನ್ನ ಮಣಿಕಟ್ಟು ಕೊರೆಯಿತು.

ಸತ್ತ ಪತಂಗಗಳನ್ನು ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ನಾಲಿಗೆ ಮುರಿದದ್ದು ನನ್ನ ಹತ್ತಿರ ಇರಲಿ.

ಸಾವಂತ್ರಿ


ಧಾರವಾಡ
೧೬ ಸೆಪ್ಟೆಂಬರ್ ೧೯೭೮

ಸಾವಂತ್ರಿ,

ಪೆಟ್ಟಿಗೆ ಬಂತು. ಅದೇ ಪತಂಗ. ಗುರುಗಳು ಲೆನ್ಸು ಹಿಡಿದು ನೋಡಿ, ನನ್ನ ಬೆನ್ನು ತಟ್ಟಿದರು. ನಾನು ಗೆದ್ದೆನಲ್ಲ, ಹೊರಗೆ ಹೋಗಿ ಅತ್ತೆ.

ಪೊಲೀಸರು ಬಂದೇ ಬರುತ್ತಾರೆ. ಬಿಜಾಪುರದ ಡಾಕ್ಟರು ಕೈ ನೋಡಿ ಸುಮ್ಮನಿರುವುದಿಲ್ಲ. ಹಣ್ಣಿಗೆ ಚುಚ್ಚಿದ್ದು ಯಾರು ಅಂತ ನಾನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಆಣೆ ಮಾಡಿ ಹೇಳುತ್ತೇನೆ. ಆ ಕೈಗೆ ಚುಚ್ಚಿದವರು ಯಾರು ಅಂತ ನಾನು ಹೇಳಲಾರೆ. ನೀನು ಹೇಳಲೇಬೇಕು ಅಂತ ನ್ಯಾಯ ಹೇಳುತ್ತಿಲ್ಲ, ನಿನಗೆ ನೀಲಾ ಇದ್ದಾಳೆ. ನೀನು ಏನೂ ಮಾಡದಿದ್ದರೂ ನಾನು ಮತ್ತೆ ಮೂರು ವರ್ಷ ಸುಮ್ಮನಿರುವುದಿಲ್ಲ, ಇಷ್ಟು ಮಾತ್ರ ತಿಳಿದಿರು.

ಅಬಿದಾ


ಬಸವನ ಬಾಗೇವಾಡಿ
೫ ಅಕ್ಟೋಬರ್ ೧೯೭೮

ಅಬಿದಾ,

ಮೇಲಿನ ಊರ ಹೆಸರು ನೋಡಿ ನಿನಗೆ ಅರ್ಧ ತಿಳಿಯಿತು. ತವರಲ್ಲಿದ್ದೇನೆ. ಹಣೆಗೆ ಹೊಲಿಗೆ ಬಿದ್ದಿವೆ. ನೀಲಾ ನನ್ನ ಪಕ್ಕದಲ್ಲೇ ಮಲಗಿದ್ದಾಳೆ, ಮೂಗಿನ ಕೆಳಗೆ ಬೆರಳಿಟ್ಟು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಆ ರೂಢಿ ಮಾತ್ರ ಹೋಗಿಲ್ಲ.

ಇಂಡಿ ಠಾಣೆಯಿಂದ ಫೌಜದಾರ ಬಂದದ್ದು ಕಳೆದ ವಾರ. ಪಡಸಾಲೆಯ ಕಟ್ಟೆಗೆ ಜಮಖಾನೆ ಹಾಸಿದ್ದರು. ಅತ್ತೆ ಚಹಾ ಮಾಡಿಸಿದರು. ನಮ್ಮ ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಹಾಗೆ ಒಂದೇ ಮಾತು ಹೇಳಿದರು: ಅಮೋಘಸಿದ್ಧ ಹಣ್ಣು ಕೆಡಿಸಲು ದಬ್ಬಣ ಹಿಡಿದು ತೋಟಕ್ಕೆ ನುಗ್ಗಿದ, ಆಳುಗಳು ಕಂಡು ಕೂಗಿದರು, ಅವನು ಓಡುವಾಗ ಬೇಲಿಗೆ ಎಡವಿ ದಬ್ಬಣದ ಮೇಲೆ ಬಿದ್ದ. ಭಾವ ಉದುರಿದ ಹಣ್ಣುಗಳ ಬುಟ್ಟಿ ತರಿಸಿ ತೂತು ತೋರಿಸಿದರು. ಬೆನ್ನಿನ ಬಾಸುಂಡೆಗಳು ಯಾವ ಬೇಲಿಯವು ಅಂತ ಫೌಜದಾರ ಕೇಳಿದ. ಜಾಲಿ ಮುಳ್ಳಿನವು ಅಂದರು ಭಾವ. ಶೇವಂತೆವ್ವ ಅಂಗಳದಲ್ಲಿ ಬೇವಿನ ಗಿಡದ ಹತ್ತಿರ ನಿಂತಿದ್ದಳು, ತಲೆಯ ಮೇಲೆ ಕಂಬಳಿ. ಅವಳಿಗೆ ಕೂಡು ಅಂತ ಯಾರೂ ಅನ್ನಲಿಲ್ಲ.

ನನ್ನನ್ನು ಒಳಕೋಣೆಯಲ್ಲಿ ಇರಿಸಿದ್ದರು, ಬಾಗಿಲ ಸಂದಿನಿಂದ ಇದನ್ನೆಲ್ಲ ಕಂಡೆ. ಇವರು ಬೆಳಗ್ಗೆಯೇ ಹೇಳಿದ್ದರು, ಕೂಗಿ ಅಲ್ಲ, ಬೇಡಿಕೊಳ್ಳುವ ಹಾಗೆ: "ನೀ ಹೊರಗ ಬಂದ್ರ ಕೂಸು ಒಳಗ ಉಳೀತೈತಿ. ಅಣ್ಣನ ಮಾತು ಇದು. ನನ್ನ ಕೈಯಾಗ ಏನೂ ಇಲ್ಲ." ಅವರ ಕೈ ನೋಡಿದೆ. ಆ ಕೈಯಲ್ಲಿ ಏನಿತ್ತು ಅಂತ ನಾನು ಕಂಡಿದ್ದೆ.

ಶೇವಂತೆವ್ವ ಕೊಟ್ಟ ಕರಿ ಕಂಬಳಿಯಲ್ಲಿ ನೀಲಾನನ್ನು ಬೆನ್ನಿಗೆ ಕಟ್ಟಿಕೊಂಡೆ. ಕುರಿಗಾರ ಹೆಂಗಸರು ಹೊಲಕ್ಕೆ ಹೋಗುವಾಗ ಕಟ್ಟುವ ಹಾಗೆ, ಎದೆಯ ಮೇಲೆ ಎರಡು ಗಂಟು. ಅಗಳಿ ಹೊರಗಿನಿಂದ ಹಾಕಿತ್ತು. ಆ ಕೋಣೆಗೆ ಹಿಂದುಗಡೆ ಕೊಟ್ಟಿಗೆಗೆ ಒಂದು ಗವಾಕ್ಷಿ ಇದೆ, ದನಕ್ಕೆ ಮೇವು ಇಳಿಸಲು ನೆಲಮಟ್ಟಕ್ಕೆ ಮಾಡಿದ್ದು. ಮದುವೆಯಾಗಿ ಬಂದಾಗಿನಿಂದ ಅದನ್ನು ನೋಡಿದ್ದೆ, ಅದು ಹೊರಗೆ ಹೋಗುವ ದಾರಿ ಅಂತ ಹೊಳೆದಿರಲಿಲ್ಲ. ಮೊದಲು ಕಂಬಳಿಯ ಗಂಟು ಬಿಚ್ಚಿ ಕೂಸನ್ನು ಹುಲ್ಲಿನ ಮೇಲೆ ಇಳಿಸಿದೆ, ಆಮೇಲೆ ನಾನು ಮೊಣಕೈ ಊರಿ ತೆವಳಿದೆ, ಮತ್ತೆ ಕಟ್ಟಿಕೊಂಡೆ. ತಲೆಯಲ್ಲಿ ಹುಲ್ಲು, ಸೀರೆಗೆಲ್ಲ ಸಗಣಿ. ಪರದೆಯ ಬೋನು ಕೊಟ್ಟಿಗೆಯಲ್ಲೇ ತೂಗುತ್ತಿತ್ತು, ಕಿತ್ತುಕೊಂಡು ಅಂಗಳಕ್ಕೆ ಬಂದೆ.

ಭಾವ ಎದ್ದು ನಿಂತರು. ಫೌಜದಾರ ಇರಲಿ ಅಂದ.

ಮುರಿದ ನಾಲಿಗೆ ಇರುವ ಪತಂಗವನ್ನು ಅವನ ಅಂಗೈಯಲ್ಲಿಟ್ಟೆ. ಬೋನು ಹೇಗೆ ಕೆಲಸ ಮಾಡುತ್ತದೆ, ಹಣ್ಣಿಗೆ ಪರದೆ ಕಟ್ಟಿದ ದಿನ ಗಂಟು ಹಾಕಿದ್ದು ಯಾರು, ಬಿಚ್ಚಿದ್ದು ಯಾರು, ಎಲ್ಲ ಹೇಳಿದೆ. ಕಾಲೇಜಿನ ವೈವಾ ಪರೀಕ್ಷೆಯಲ್ಲಿ ಹೇಳಿದ ಹಾಗೆ ಹೇಳಿದೆ. ಧಾರವಾಡದಲ್ಲಿ ನನ್ನ ಗೆಳತಿ ಇದ್ದಾಳೆ, ಅವಳನ್ನು ಕೇಳಿ ಅಂದೆ. ಹಣ್ಣಿಗೆ ಚುಚ್ಚಿದ್ದು ಹುಳ ಅಂತ ಈ ಅಂಗಳದಲ್ಲಿ ಎಲ್ಲರಿಗೂ ಗೊತ್ತು ಅಂದೆ. ಆಮೇಲೆ ಬೇವಿನ ಗಿಡ ತೋರಿಸಿದೆ, ಬಾರುಕೋಲು ಎಲ್ಲಿ ಸಿಕ್ಕಿಸಿದೆ ತೋರಿಸಿದೆ, ಒರಳ ಕಲ್ಲು ತೋರಿಸಿದೆ. ದಬ್ಬಣ ಇಳಿಸಿದ್ದು ನಮ್ಮ ಭಾವ ಬಸಂತರಾಯರು ಅಂದೆ.

ತಂಬಿಗೆ ಬಂದು ಹಣೆಗೆ ಬಡಿದದ್ದು ಆಗಲೇ. ಹಿತ್ತಾಳೆಯದು, ನೀರು ತುಂಬಿದ್ದು. ಭಾವನ ಗುರಿ ಯಾವತ್ತೂ ತಪ್ಪಿದ್ದಿಲ್ಲ. ಒಂದು ಕಣ್ಣು ಕೆಂಪಾಗಿ ಮುಚ್ಚಿತು. ಬೆನ್ನ ಮೇಲೆ ನೀಲಾ ಚೀರಿದಳು. ಅತ್ತೆ ಓಡಿ ಬಂದು ಕೂಸಿನ ತೋಳು ಹಿಡಿದು ಜಗ್ಗಿದರು. ಕಂಬಳಿಯ ಗಂಟು ನನ್ನ ಎದೆಗೆ ಕೊರೆಯಿತು, ಬಿಚ್ಚಲಿಲ್ಲ. ಶೇವಂತೆವ್ವ ಬಂದು ಅತ್ತೆಯ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದಳು. ಫೌಜದಾರ ತಂಬಿಗೆಯ ಸಂಗತಿಯನ್ನೂ ಬರೆದುಕೊಂಡ.

ಆಮೇಲೆ ಕೇಳಿದ, ಮುಂಗೈ ಹಿಡಿದವರು ಯಾರು ಅಂತ.

"ನಮ್ಮವರು" ಅಂದೆ.

ಅವನು ಪೆನ್ನು ನಿಲ್ಲಿಸಿದ. ಗಡ್ಡ ನೆರೆತ ಮನುಷ್ಯ, ನನ್ನ ಅಪ್ಪನ ವಯಸ್ಸು. "ನಮ್ಮವರು ಅಂದ್ರ ಕಾಗದದಾಗ ಬರಿಯಾಕ ಬರೂದಿಲ್ರಿ ಅವ್ವಾರ. ಹೆಸರು ಹೇಳ್ರಿ."

ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಅವರ ಮುಖ ತುಸು ಸಡಿಲವಾದದ್ದು ಕಂಡೆ. ಇನ್ನು ಮುಗಿಯಿತು, ಇದು ಇವಳ ಬಾಯಿಂದ ಬರುವುದಿಲ್ಲ ಅಂತ ಅವರಿಗೆ ಖಾತ್ರಿ ಇತ್ತು. ಅವರು ಐವತ್ತು ವರ್ಷ ಸಂಸಾರ ಮಾಡಿ, ಗಂಡ ಸತ್ತ ಮೇಲೂ ಅವರ ಹೆಸರು ಹೇಳಿದವರಲ್ಲ. ಇವರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಜೀಪಿನಿಂದ ನನಗೆ ಪೆಟ್ರೋಲು ಕದ್ದು ತಂದುಕೊಟ್ಟವರು. ನೀಲಾ ಹುಟ್ಟಿದಾಗ, ಹೆಣ್ಣು ಅಂತ ಮನೆಯೆಲ್ಲ ಮುಖ ಸಣ್ಣ ಮಾಡಿದಾಗ, ಬಂದು ಅವಳ ಅಂಗಾಲು ಮೂಸಿ ನೋಡಿದವರು. ಅಬಿದಾ, ಭಾವನ ಮೇಲೆ ಹೇಳುವುದು ನನಗೆ ಕಷ್ಟವಾಗಲಿಲ್ಲ.

ನೀನು ಜುಲೈನಲ್ಲಿ ಕೇಳಿದ್ದೆ, ನಾನು ಬರೆಯಲಿಲ್ಲ. ಅವತ್ತು ಒಡಪಿಲ್ಲದೆ, ಪದ್ಯವಿಲ್ಲದೆ, ಹುಡುಗರ ಹಾಜರಿ ಕರೆಯುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಶ್ರೀಶೈಲಪ್ಪ."

ನನ್ನ ಬಾಯಲ್ಲಿ ಆ ಹೆಸರನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ತಲೆ ಎತ್ತಿದರು. ಫೌಜದಾರ ಬರೆಯುತ್ತಿದ್ದ, ಭಾವ ಬೈಯುತ್ತಿದ್ದರು, ಅದ್ಯಾವುದೂ ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಅಡುಗೆಮನೆಯಿಂದ ಕರೆದಿದ್ದೇನೆ ಅನ್ನುವ ಹಾಗೆ ನನ್ನ ಕಡೆ ನೋಡಿ, ಮೆತ್ತಗೆ, "ಓ" ಅಂದರು.

ಸಾವಂತ್ರಿ